ಅಪ್ಪಯ್ಯನಿಗೆ ಮಾತ್ರೆ ತಪ್ಪಿಸಬೇಡ

ಸೆಮೆರಾ, ಇಥಿಯೋಪಿಯಾ
4 ಡಿಸೆಂಬರ್ 2025

ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ.

ಟೀವಿ ನೋಡಿ ಗಾಬರಿ ಬೀಳಬೇಡ. ನವೆಂಬರ್ 23ಕ್ಕೆ ಸಿಡಿದ ಜ್ವಾಲಾಮುಖಿಯ ಹೆಸರು ಹೈಲಿ ಗುಬ್ಬಿ. ಹೆಸರಿಗೆ ಗುಬ್ಬಿ, ಬೂದಿ ಹಾರಿದ್ದು ದಿಲ್ಲಿವರೆಗೆ! ಅದು ಇಲ್ಲಿಂದ ನೂರೈವತ್ತು ಕಿಲೋಮೀಟರಿಗೂ ಆಚೆ. ನನ್ನ ರೂಮಿನಲ್ಲಿ ಒಂದು ಲೋಟವೂ ಒಡೆದಿಲ್ಲ. ಪಾಪ, ಅದರ ಹತ್ತಿರದ ಅಫ್‌ಡೆರಾ ಕಡೆಯವರ ಹುಲ್ಲಿನ ಮೇಲೆಲ್ಲ ಬೂದಿ. ಆಡುಗಳಿಗೆ ಮೇವಿಲ್ಲ.

ಇಲ್ಲಿಯ ಕ್ಯಾಲೆಂಡರ್ ಲೆಕ್ಕದಲ್ಲಿ ಇದು ಇನ್ನೂ 2018, ಹಾಗಾಗಿ ನನಗೆ ವಯಸ್ಸಾಯ್ತು ಅಂತ ಹುಡುಗಿ ಹುಡುಕಬೇಡ. ಇಲ್ಲಿಯ ಅಫಾರ್ ಜನ ದಾರಿಯಲ್ಲಿ ಸಿಕ್ಕರೆ ಸುಮ್ನೆ ದಾಟಿ ಹೋಗುವುದಿಲ್ಲ. ಮಳೆ ಎಲ್ಲಿ ಬಂತು, ಯಾರಿಗೆ ಕಾಯಿಲೆ, ಯಾರ ಒಂಟೆ ಕಳೆಯಿತು, ಎಲ್ಲ ಹೇಳಿ ಕೇಳಿಯೇ ಹೊರಡುವುದು. ಇದಕ್ಕೆ ದಾಗು ಅಂತಾರೆ. ಸುಳ್ಳು ಸೇರಿಸಿದರೆ ಮರ್ಯಾದೆ ಹೋಯ್ತು. ಶಾರದಕ್ಕನಿಗೆ ಇಲ್ಲಿ ಕಷ್ಟ, ಅಲ್ವಾ?

ನೀನು ಮಾತ್ರ ಮುಖ್ಯ ಸುದ್ದಿಯನ್ನು ಕಾಗದದ ಕೊನೆಗೆ ಎರಡೇ ಸಾಲಲ್ಲಿ ಬರೆದಿದ್ದೀಯ. ಜಮೀನಿಗೆ ನೋಟಿಸ್ ಬಂದು ತಿಂಗಳಾಯಿತಾ? ಅಪ್ಪಯ್ಯ ಬಿಪಿ ಮಾತ್ರೆ ಬಿಟ್ಟು ದಿನಾ ಸಾಗರದ ಬಸ್ಸು ಹತ್ತುತ್ತಾರಾ? ರಾತ್ರಿ ನಿದ್ದೆ ಬರಲಿಲ್ಲ.

ಹೋದ ವಾರ ಒಬ್ಬ ವಿದ್ಯಾರ್ಥಿ ತನ್ನ ಅಜ್ಜನ ಕಥೆ ಹೇಳಿದ. ಬೇಸಿಗೆಯಲ್ಲಿ ದನಗಳಿಗೆ ಗತಿ ಅಂದರೆ ಆವಾಶ್ ನದಿಯ ದಂಡೆ. ಮೊದಲು ಅಲ್ಲಿಗೆ ಹತ್ತಿ ತೋಟ ಬಂತು, ಆಮೇಲೆ ಕಬ್ಬು. ತೆಂದಾಹೊ ಸಕ್ಕರೆ ಕಾರ್ಖಾನೆಗೆ ಸಾಲ ಕೊಟ್ಟಿದ್ದು ನಮ್ಮ ದೇಶವೇ. ಹೆಮ್ಮೆಯಿಂದ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಪಶುಪಾಲಕರನ್ನು ಅವರ ನೆಲದಿಂದ ಎಬ್ಬಿಸಬಾರದು ಅಂತ ಇವರ 1995ರ ಸಂವಿಧಾನದಲ್ಲೇ ಇದೆ. ಇದೆ ಅಷ್ಟೇ. ಅದೂ ಇಥಿಯೋಪಿಯಾದವರಿಗೆ ಮಾತ್ರ. ಅಫಾರರ ನಾಡು ಎರಿಟ್ರಿಯಾ, ಜಿಬೂಟಿಗೂ ಹಂಚಿಹೋಗಿದೆ. ಎರಿಟ್ರಿಯಾದಿಂದ ಓಡಿಬಂದ ಅಫಾರರು ಅಸಾಯಿಟಾ ಕ್ಯಾಂಪಿನಲ್ಲಿದ್ದಾರೆ. ಮಾತು ಒಂದೇ, ಕುಲ ಒಂದೇ, ಆದರೂ ನಿರಾಶ್ರಿತರು.

ಅವನು ಹೇಳುವಾಗ ನನಗೆ ಕಂಡದ್ದು ಅಪ್ಪಯ್ಯನ ಹಸಿರು ಫೈಲು. ಲಿಂಗನಮಕ್ಕಿ ನೀರು ತುಂಬಿದಾಗ ಅಜ್ಜ ತಲೆ ಮೇಲೆ ಹೊತ್ತು ತಂದ ಆ ಕಾಗದಗಳು. 1964ರಲ್ಲಿ ಎದ್ದು ಬಂದವರಿಗೆ ಇನ್ನೂ ಹಕ್ಕುಪತ್ರವಿಲ್ಲ. ನಾವೂ ಕಡಿಮೆಯೇನಲ್ಲ.

ಅಪ್ಪಯ್ಯ ಒಬ್ಬರೇ ಹೋಗುವುದು ಬೇಡ. ಗಣಪಣ್ಣ ಜೊತೆಗೆ ಹೋಗಲಿ. ಮೂಲಪತ್ರ ಯಾರ ಕೈಗೂ ಕೊಡಬಾರದು, ಜೆರಾಕ್ಸ್ ಸಾಕು. ವಕೀಲರಿಗೆ ಇಪ್ಪತ್ತು ಸಾವಿರ ಕಳಿಸಿದ್ದೇನೆ. ನನಗೆ ಇಲ್ಲಿ ಏನೂ ಕಡಿಮೆಯಿಲ್ಲ, ಊಟ ಚೆನ್ನಾಗಿದೆ, ಬಿಸಿಲೂ ಈಗ ಕಡಿಮೆ, ಜ್ವಾಲಾಮುಖಿಯೂ ಮಲಗಿದೆ. ನಿಜವಾಗಿ.

ಆಡಿಸ್ ಅಬಾಬಾಕ್ಕೆ ಹೊರಟವರು ಬಾಗಿಲಲ್ಲಿ ನಿಂತಿದ್ದಾರೆ, ಅವರ ಕೈಲಿ ಕೊಡಬೇಕು. ಚಿಕ್ಕಿಗೆ ಬೇರೆ ಬರೆಯುತ್ತೇನೆ. ಮಾತ್ರೆ ಬೆಳಿಗ್ಗೆ, ತಿಂಡಿ ಆದ ಮೇಲೆ.

ನಿನ್ನ ಮಗ
ರಾಘು