ರಜೆ ಎಷ್ಟು ದಿನ ಅಂತ ಮೊದಲು ಬರಿ

ಏನಮ್ಮಾ, ಹೇಗಿದ್ದೀಯ?

ನಿನ್ನ ಸ್ಕ್ರಿಪ್ಟನ್ನು ಎರಡು ರಾತ್ರಿ ಕೂತು ಓದಿದೆ. ಜೊತೆಗೆ ಇಟ್ಟಿದ್ದ ಚೀಟಿಯನ್ನೂ ಓದಿದೆ. "ಮೇಷ್ಟ್ರೇ, ನಗಬೇಡಿ, ಇದು ಟಿವಿಗೆ ಮಾಡುವ ಕ್ರಿಸ್‌ಮಸ್ ಲವ್ ಸ್ಟೋರಿ, ಹೀರೋ ಮಿಲಿಟರಿಯವನು" ಅಂತ ಬರೆದಿದ್ದೀಯ. ನಾನ್ಯಾಕೆ ನಗಲಿ? ಅಮೆರಿಕದಲ್ಲಿ ಮಗಳ ಮನೆಯಲ್ಲಿ ಒಂದು ಚಳಿಗಾಲ ಪೂರ್ತಿ ಕಳೆದವನು ನಾನು. ಹೊರಗೆ ಕಾಲಿಡಲಾಗದ ಚಳಿ, ಒಳಗೆ ಹಾಲ್‌ಮಾರ್ಕ್ ಚಾನೆಲ್. 2009ರಿಂದ ಅವರು ಪ್ರತಿ ವರ್ಷ ಕ್ರಿಸ್‌ಮಸ್ ಕೌಂಟ್‌ಡೌನ್ ಅಂತ ಸಾಲಾಗಿ ಕ್ರಿಸ್‌ಮಸ್ ಸಿನಿಮಾ ಹಾಕುತ್ತಾರೆ, ಈಗಂತೂ ಅಕ್ಟೋಬರ್‌ನಲ್ಲೇ ಟಿವಿಯಲ್ಲಿ ಹಿಮ ಬೀಳುತ್ತದೆ. ದಿನಕ್ಕೆ ಎರಡು ಸಿನಿಮಾ ನೋಡಿದೆ. ಕೆಲವಕ್ಕೆ ಕನ್ನಡಕ ಒರೆಸುವ ನೆಪದಲ್ಲಿ ಕಣ್ಣನ್ನೂ ಒರೆಸಿಕೊಂಡೆ.

ಹಾಗಾಗಿ ಫಾರ್ಮುಲಾ ಬಗ್ಗೆ ನನ್ನದೇನೂ ತಕರಾರಿಲ್ಲ. ಒಂಬತ್ತು ಅಂಕ, ನಡುನಡುವೆ ಜಾಹೀರಾತು, ಎರಡು ಗಂಟೆಯ ಜಾಗದಲ್ಲಿ ಸಿನಿಮಾ ಸುಮಾರು 84 ನಿಮಿಷ, ಮುತ್ತು ಕೊನೆಯ ನಿಮಿಷಗಳಲ್ಲಿ. ಇರಲಿ. ಬಯಲಾಟಕ್ಕೆ ಹೋದವನು "ರಾಕ್ಷಸ ಸಾಯುತ್ತಾನೆ ಅಂತ ಮೊದಲೇ ಗೊತ್ತಿತ್ತು" ಅಂತ ಅರ್ಧಕ್ಕೆ ಎದ್ದು ಬರುತ್ತಾನಾ? ಒಂದು ಮಾತ್ರ ನೆನಪಿಡು. ಇಂಥ ಎಷ್ಟೋ ಸಿನಿಮಾಗಳನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬೇಸಿಗೆಯಲ್ಲಿ ಎರಡು ಮೂರು ವಾರದೊಳಗೆ ಮುಗಿಸುತ್ತಾರೆ, ಪಾಪ ನಟರು ಉಣ್ಣೆ ಕೋಟಿನೊಳಗೆ ಬೆವರುತ್ತಾ ನಡುಗುವ ಹಾಗೆ ನಟಿಸುತ್ತಾರೆ. ನಿನ್ನ 43ನೇ ಪುಟದ ಹಿಮಬಿರುಗಾಳಿ ತೆಗೆದುಹಾಕು. ಹತ್ತಿ ಹಾಸಿ, ನೊರೆ ಊದಿ ಅಷ್ಟು ಹಿಮ ಮಾಡೋರು ಯಾರು?

ಈಗ ನನ್ನ ನಿಜವಾದ ಪ್ರಶ್ನೆ. ನಿನ್ನ ಹೀರೋಗೆ ರಜೆ ಎಷ್ಟು ದಿನ?

98 ಪುಟ ಹುಡುಕಿದೆ, ಸಿಗಲಿಲ್ಲ. ಅವನು ಬರುತ್ತಾನೆ, ಮರ ಕಡಿಯುತ್ತಾನೆ, ಕುಕೀಸ್ ಸುಡುತ್ತಾನೆ, ಎಲ್ಲರಿಗೂ ಬಲ್ಬಿನ ಸರ ಕಟ್ಟಿಕೊಡುತ್ತಾನೆ, ಆದರೆ ಯಾವತ್ತು ವಾಪಸ್ ಹೋಗಬೇಕು ಅನ್ನುವುದು ಯಾರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿದ್ದ ಹಾಗಿಲ್ಲ. ಅದಕ್ಕೇ ನಿನಗೆ ನ್ಯೂಯಾರ್ಕಿನಿಂದ ಆ ಸೂಟು ಬೂಟಿನ ಹಳೇ ಬಾಯ್‌ಫ್ರೆಂಡನ್ನು ಕರೆಸಬೇಕಾಯಿತು. ಅವನು ಯಾಕೆ ಬೇಕು? ಮಿಲಿಟರಿಯವನ ಕಥೆಯಲ್ಲಿ ಗೋಡೆ ಮೇಲಿನ ಕ್ಯಾಲೆಂಡರೇ ವಿಲನ್. ಅಮೆರಿಕದ ಸೈನ್ಯದಲ್ಲಿ ತಿಂಗಳಿಗೆ ಎರಡೂವರೆ ದಿನದ ಲೆಕ್ಕದಲ್ಲಿ ವರ್ಷಕ್ಕೆ 30 ದಿನ ರಜೆ ಜಮೆಯಾಗುತ್ತದೆ. ಇರಾಕ್, ಅಫ್ಘಾನಿಸ್ತಾನದ ಕಾಲದಲ್ಲಿ ಒಂದು ವರ್ಷಕ್ಕೆ ಹೋದವರಿಗೆ ನಡುವೆ ಸುಮಾರು 15 ದಿನ ಮನೆಗೆ ಬಿಡುತ್ತಿದ್ದರು. ಆ ವಿಮಾನಗಳು ಬರುತ್ತಿದ್ದದ್ದು ಅಟ್ಲಾಂಟಾಗೆ ಮತ್ತು ನಿಮ್ಮ ಡಲ್ಲಾಸ್‌ಗೆ. ಡಲ್ಲಾಸ್ ಏರ್‌ಪೋರ್ಟಿನಲ್ಲಿ ಗುರುತು ಪರಿಚಯ ಇಲ್ಲದ ಜನ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದರಂತೆ. ನಿಮ್ಮ ಬೀದಿಯ ಹಿರಿಯರನ್ನು ಕೇಳು, ಹಾಗೆ ನಿಂತವರು ಯಾರಾದರೂ ಸಿಗಬಹುದು.

ನಮ್ಮೂರಲ್ಲಿ ಪಕ್ಕದ ಮನೆಯ ಅಣ್ಣ ಮಿಲಿಟರಿಯಲ್ಲಿದ್ದ. ರಜೆಗೆ ಬಂದರೆ ಬಸ್ಸಿನ ಟಾಪಿನಿಂದ ಮೊದಲು ಇಳಿಯುತ್ತಿದ್ದದ್ದು ಕರಿ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು. ಮೊದಲ ವಾರ ಊರಿನವರೆಲ್ಲ "ಯಾವಾಗ ಬಂದ್ಯಪ್ಪಾ?" ಅನ್ನುತ್ತಿದ್ದರು. ಎರಡನೇ ವಾರ ಅದೇ ಜನ "ಯಾವಾಗ ಹೊರಡೋದು?" ಅನ್ನುತ್ತಿದ್ದರು. ಎರಡನೇ ಪ್ರಶ್ನೆ ಕೇಳಿದವರಿಗೆ ಅವರಮ್ಮ ಕಾಫಿ ಕೊಡುತ್ತಿರಲಿಲ್ಲ. ಸುಮ್ನೆ ಒಳಗೆ ಹೋಗಿಬಿಡುತ್ತಿದ್ದರು. ಆಗೆಲ್ಲ ರಜೆ ಸಿಗದಿದ್ದರೆ ಮನೆಯಿಂದ ಟೆಲಿಗ್ರಾಂ ಹೋಗುತ್ತಿತ್ತು, "ತಾಯಿ ಸೀರಿಯಸ್, ಕೂಡಲೇ ಬಾ" ಅಂತ. ಗಟ್ಟಿಮುಟ್ಟಾಗಿದ್ದ ಆ ತಾಯಿ ನಾನು ನೋಡಿದ ಹಾಗೆ ಮೂರು ಸಲ ಸೀರಿಯಸ್ ಆಗಿದ್ದರು. ನಿನ್ನ ಹೀರೋ ಅಮೆರಿಕದವನು, ಅವನ ಊರು ಬೇರೆ, ಒಪ್ಪಿದೆ. ಆದರೆ ದಿನ ಎಣಿಸುವ ಅಮ್ಮಂದಿರು ಅಲ್ಲೂ ಇರುತ್ತಾರೆ ಅಲ್ವಾ?

ತಪ್ಪುಗಳನ್ನೂ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡ. ನಿನ್ನ ಕಥೆ ಈ ವರ್ಷ ನಡೆಯುತ್ತದೆ, ಹೀರೋ ಅಫ್ಘಾನಿಸ್ತಾನದಿಂದ ಬರುತ್ತಾನೆ. ಅಮೆರಿಕದ ಸೈನ್ಯ ಅಲ್ಲಿಂದ 2021ರ ಆಗಸ್ಟ್‌ನಲ್ಲೇ ಹೊರಟು ಬಂದಾಯಿತಲ್ಲಮ್ಮ. ಒಂದೋ ಕಥೆಯನ್ನು ಹಿಂದಕ್ಕೆ ಒಯ್ಯಿ, ಇಲ್ಲವಾದರೆ ಅವನನ್ನು ದಕ್ಷಿಣ ಕೊರಿಯಾಗೋ ಕುವೈತಿಗೋ ಕಳಿಸು. ಹಿಂದಕ್ಕೆ ಒಯ್ದರೆ ಒಂದು ಲಾಭ ಇದೆ. ಕಾಬೂಲಿಗೂ ಡಲ್ಲಾಸ್‌ಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಕಾಬೂಲಿನಲ್ಲಿ ರಾತ್ರಿ ಎಂಟೂವರೆ ಆದಾಗ ಡಲ್ಲಾಸ್‌ನಲ್ಲಿ ಬೆಳಿಗ್ಗೆ ಹತ್ತು. ಆ ಹಾಳು ಅರ್ಧ ಗಂಟೆಯನ್ನು ಅವನ ಅಪ್ಪ ಪ್ರತಿ ಸಲ ಪೂರ್ತಿ ಗಂಟೆ ಅಂತ ಎಣಿಸಿ ಫೋನಿನ ಮುಂದೆ ಮೊದಲೇ ಬಂದು ಕೂರುತ್ತಾನೆ ಅಂತ ಇಟ್ಟುಕೋ. ಹತ್ತು ಪುಟದ ಡೈಲಾಗ್ ಉಳಿಯುತ್ತದೆ.

ಆರ್ಮಿಯ ಕ್ಯಾಪ್ಟನ್ ಮೂವತ್ತರ ಆಸುಪಾಸಿನ ಹುಡುಗ. ನೌಕಾಪಡೆಯ ಕ್ಯಾಪ್ಟನ್ ಅದಕ್ಕಿಂತ ಮೂರು ಮೆಟ್ಟಿಲು ಮೇಲೆ, ತಲೆ ನರೆತವನು. ನೀನು ಇಬ್ಬರನ್ನೂ ಒಂದೇ ಟೇಬಲ್ಲಿಗೆ ಕೂರಿಸಿ ಹೆಗಲ ಮೇಲೆ ಕೈ ಹಾಕಿಸಿದ್ದೀಯ. ಮರೀನ್ ಪಡೆಯವನನ್ನು "ಸೋಲ್ಜರ್" ಅಂದರೆ ಅವನು ಮುಖ ಗಂಟಿಕ್ಕುತ್ತಾನೆ, ಅದು ಆರ್ಮಿಯವರನ್ನು ಕರೆಯುವ ಹೆಸರು. ಮನೆಯೊಳಗೆ ಟೋಪಿ ಹಾಕಿಕೊಂಡು ಓಡಾಡಿಸಬೇಡ. ಇನ್ನು ನಿನ್ನ ಉಪಕಥೆಯಲ್ಲಿ ಸಾರ್ಜೆಂಟ್ ಒಬ್ಬ ಲೆಫ್ಟಿನೆಂಟ್ ಹುಡುಗಿಯನ್ನು ಪ್ರೀತಿಸುತ್ತಾನೆ, ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಅಧಿಕಾರಿಗಳಿಗೂ ಕೆಳಗಿನವರಿಗೂ ಪ್ರೀತಿ ಪ್ರೇಮ ನಿಷಿದ್ಧ, ಶಿಕ್ಷೆ ಆಗಬಹುದು. ಅದನ್ನು ತೆಗೆಯಬೇಡ, ಬೆಳೆಸು. ನಿನ್ನ ಮುಖ್ಯ ಕಥೆಗಿಂತ ಅದರಲ್ಲೇ ಜಾಸ್ತಿ ಉಪ್ಪಿದೆ. ಸಾವಿನ ಸುದ್ದಿ ಫೋನಿನಲ್ಲಿ ಬರುವುದಿಲ್ಲ. ಸಮವಸ್ತ್ರದಲ್ಲಿ ಇಬ್ಬರು ಬಾಗಿಲಿಗೆ ಬರುತ್ತಾರೆ. ಅಲ್ಲಿನ ಮಿಲಿಟರಿ ಮನೆಗಳವರು ಕಾರು ನಿಂತ ಸದ್ದಿಗೇ ಹೆದರುವುದು ಅದಕ್ಕೆ.

ಎರಡು ಸಿನಿಮಾ ನೋಡು. 2006ರ 'ದಿ ಕ್ರಿಸ್‌ಮಸ್ ಕಾರ್ಡ್' ಮೊದಲನೆಯದು. ಅಫ್ಘಾನಿಸ್ತಾನದಲ್ಲಿರುವ ಸೈನಿಕನಿಗೆ ಕ್ಯಾಲಿಫೋರ್ನಿಯಾದ ನೆವಾಡಾ ಸಿಟಿ ಅನ್ನುವ ಸಣ್ಣ ಊರಿನಿಂದ, ಗೊತ್ತೇ ಇಲ್ಲದ ಹುಡುಗಿಯ ಕಾರ್ಡು ಬರುತ್ತದೆ. ರಜೆ ಸಿಕ್ಕಾಗ ಅವನು ಆ ಊರಿಗೇ ಹೋಗುತ್ತಾನೆ. ಅಷ್ಟೇ ಕಥೆ. ಆದರೆ ಹುಡುಗಿಯ ಅಪ್ಪನ ಪಾತ್ರ ಮಾಡಿದ ಎಡ್ ಆಸ್ನರ್ ಅದಕ್ಕೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಗೆ ನಾಮಿನೇಷನ್ ಪಡೆದರು. ಯಾಕೆ ಅಂತ ಯೋಚಿಸು. ನಿನ್ನ ಸ್ಕ್ರಿಪ್ಟಿನಲ್ಲಿ ಅಪ್ಪ ಬರೀ ಕೇಕ್ ಕತ್ತರಿಸಲು ಇದ್ದಾನೆ.

ಇನ್ನೊಂದು 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ 'ಆಪರೇಷನ್ ಕ್ರಿಸ್‌ಮಸ್ ಡ್ರಾಪ್'. ಅದು ನನಗೆ ಇಷ್ಟವಾದದ್ದು ಪ್ರೇಮಕ್ಕಲ್ಲ. 1952ರಲ್ಲಿ ಅಮೆರಿಕದ ಒಂದು ವಿಮಾನ ಪೆಸಿಫಿಕ್ ಸಾಗರದ ಪುಟ್ಟ ದ್ವೀಪದ ಮೇಲೆ ಹಾರುವಾಗ ಕೆಳಗಿನ ಜನ ಕೈಬೀಸಿದರು. ವಿಮಾನದಲ್ಲಿದ್ದವರು ಕೈಗೆ ಸಿಕ್ಕ ಸಾಮಾನನ್ನು ಕಟ್ಟಿ, ಪ್ಯಾರಾಚೂಟಿಗೆ ಸಿಕ್ಕಿಸಿ ಎಸೆದರು. ಅದು ಇವತ್ತಿಗೂ ಪ್ರತಿ ಡಿಸೆಂಬರ್ ನಡೆಯುತ್ತದೆ, ಅದೇ ಸಾಗರದ ಗುವಾಮ್ ದ್ವೀಪದಲ್ಲಿರುವ ಅಮೆರಿಕದ ಆಂಡರ್ಸನ್ ವಾಯುನೆಲೆಯಿಂದ ಪೆಟ್ಟಿಗೆಗಳು ಹೋಗುತ್ತವೆ. ಸಿನಿಮಾವನ್ನೂ ಗುವಾಮ್‌ನಲ್ಲೇ ತೆಗೆದರು. ಹೀರೋಗೆ ಮಾಡಲು ಒಂದು ಕೆಲಸ ಇದೆ ನೋಡು. ಪೆಟ್ಟಿಗೆ ತುಂಬಬೇಕು, ತೂಕ ನೋಡಬೇಕು, ಗಾಳಿ ನೋಡಬೇಕು. ಕೆಲಸ ಮಾಡುವ ಗಂಡಸಿನ ಮೇಲೆ ಮನಸ್ಸಾಗುವುದನ್ನು ಬರೆಯುವುದು ಸುಲಭ. ನಿನ್ನವನು ಸೈನ್ಯದಲ್ಲಿ ಏನು ಮಾಡುತ್ತಾನೆ? ಅಡುಗೆಯವನಾ? ಲಾರಿ ರಿಪೇರಿ ಮಾಡುವವನಾ? "ಹೀರೋ" ಅಂತ ಹನ್ನೊಂದು ಸಲ ಬರೆದಿದ್ದೀಯ, ಕೆಲಸ ಏನು ಅಂತ ಒಂದು ಸಲವೂ ಇಲ್ಲ.

ಈ ಸಿನಿಮಾಗಳಲ್ಲಿ ನನಗೆ ಮುಜುಗರ ಆಗುವುದು ಒಂದೇ ವಿಷಯಕ್ಕೆ. ಯುದ್ಧ ಯಾರ ಮೇಲೆ, ಯಾಕೆ, ಅಲ್ಲಿ ಯಾರು ಸತ್ತರು ಅನ್ನುವುದು ಬಾಗಿಲಾಚೆಯೇ ಉಳಿಯುತ್ತದೆ, ಒಳಗೆ ಬರುವುದು ಇಸ್ತ್ರಿ ಮಾಡಿದ ಸಮವಸ್ತ್ರ ಮಾತ್ರ. ನೀನು 84 ನಿಮಿಷದಲ್ಲಿ ಅದನ್ನೆಲ್ಲ ಸರಿ ಮಾಡಬೇಕು ಅನ್ನುತ್ತಿಲ್ಲ, ಚಾನೆಲ್‌ನವರು ಬಿಡುವುದೂ ಇಲ್ಲ. ಆದರೆ 1943ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ ಒಂದು ಹಾಡಿದೆ, ಸೈನಿಕ ಮನೆಗೆ ಬರೆಯುವ ಕಾಗದದ ಹಾಗೆ. ಕ್ರಿಸ್‌ಮಸ್‌ಗೆ ಬರುತ್ತೇನೆ, ಅದು ತೆಗೆದಿಡಿ, ಇದು ತೂಗುಹಾಕಿ ಅನ್ನುತ್ತಾನೆ. ಕೊನೆಯ ಸಾಲಿನಲ್ಲಿ ಗೊತ್ತಾಗುತ್ತದೆ, ಬರುವುದು ಕನಸಿನಲ್ಲಿ ಮಾತ್ರ ಇರಬಹುದು. ಯುದ್ಧ ಅನ್ನುವ ಪದವೇ ಇಲ್ಲ ಅದರಲ್ಲಿ. ನಿನಗೂ ಒಂದು ಸಾಲು ಸಾಕು, ಆ ಸಾಲು ಇರಬೇಕು ಅಷ್ಟೇ.

ನಿನ್ನ ಹತ್ತಿರ ಅದು ಇದೆ ಕೂಡ. 61ನೇ ಪುಟ. ಅವನು ಮನೆಗೆ ಬಂದಾಗ ಅವನ ರೂಮಿನಲ್ಲಿ ಅಕ್ಕನ ಬೇಕರಿಯ ಮೈದಾ ಮೂಟೆಗಳಿವೆ. ಯಾರೂ ಸಾರಿ ಅನ್ನುವುದಿಲ್ಲ. ಅವನೂ ಏನೂ ಅನ್ನದೆ ಮೂಟೆಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಾನೆ. ಇದನ್ನು ಎರಡೇ ಸಾಲಿನಲ್ಲಿ ಮುಗಿಸಿ ಕ್ರಿಸ್‌ಮಸ್ ಸಂತೆಗೆ ಓಡಿದ್ದೀಯ! ಅಲ್ಲೇ ನಿಲ್ಲು. ಬೆಳಿಗ್ಗೆ ಅಕ್ಕ ಮೈದಾ ತೆಗೆಯಲು ಬಾಗಿಲು ತಟ್ಟಬೇಕಾ ಬೇಡವಾ ಅಂತ ಯೋಚಿಸುತ್ತಾ ನಿಂತಿದ್ದಾಳೆ, ಪಾತ್ರೆಯನ್ನು ಸೊಂಟಕ್ಕೆ ಒತ್ತಿ ಹಿಡಿದು. ಅಲ್ಲಿಂದ ಬರಿ. ಚಾಪೆಯನ್ನು ಮಾತ್ರ ಸ್ಲೀಪಿಂಗ್ ಬ್ಯಾಗ್ ಮಾಡು, ಅವನೇನು ತುಮಕೂರಿನವನಲ್ಲ.

ಯುಗಾದಿಯೊಳಗೆ ಕಳಿಸು. ಪೇಜ್ ನಂಬರ್ ಸರಿ ನೋಡಿಕೋ, ಈ ಸಲ 70ನೇ ಪುಟ ಎರಡಿದ್ದವು. ಮೊದಲನೆಯದೇ ಚೆನ್ನಾಗಿದೆ.

ನಿನ್ನ
ಮೇಷ್ಟ್ರು