ಅರ್ಜಿಯಲ್ಲಿ ಬರೆಯಲು ಜಾಗವಿಲ್ಲದ ಗಂಟೆಗಳು

ಹೋದ ವಾರ ಬೆಳಿಗ್ಗೆ ಮಗನಿಗೆ ಡಬ್ಬಿ ಕಟ್ಟುತ್ತಿದ್ದಾಗ ಇಮೇಲ್ ಬಂತು. ಚಪಾತಿ ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ಮೂರು ಸಲ ಓದಿದೆ. ಪಾಸ್ ಅಂತಲೇ ಇತ್ತು. 300 ಪ್ರಶ್ನೆಗಳ, ಐದು ಗಂಟೆಯ ಪರೀಕ್ಷೆ ಅದು. ಅದಾದರೆ ಮಾತ್ರ ಅಮೆರಿಕದಲ್ಲಿ ಫಿಸಿಷಿಯನ್ ಅಸಿಸ್ಟೆಂಟ್ (ಪಿಎ) ಆಗಿ ಕೆಲಸ ಮಾಡಲು ಲೈಸೆನ್ಸ್ ಸಿಗುತ್ತದೆ. ಅವತ್ತಿನಿಂದ ಎಷ್ಟೊಂದು ಜನ ಫೋನ್ ಮಾಡಿದಿರಿ, ಮೆಸೇಜ್ ಹಾಕಿದಿರಿ. ಎಲ್ಲರಿಗೂ ಒಂದು ಸಾಲಿನ ಥ್ಯಾಂಕ್ಸ್ ಹಾಕಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ಮೊದಲು ತಿಪಟೂರಿನ ನಮ್ಮವರಿಗೆ ಒಂದು ಮಾತು. ಪಿಎ ಅಂದ ಕೂಡಲೇ "ಯಾವ ಡಾಕ್ಟರಿಗೆ ಪಿಎ ಆಗಿದ್ದೀಯವ್ವ?" ಅಂತ ಕೇಳಿದಿರಿ. ಆ ಪಿಎ ಅಲ್ಲ ಇದು. ರೋಗಿಯನ್ನು ನೋಡಿ, ಟೆಸ್ಟ್ ಬರೆದು, ಕಾಯಿಲೆ ಏನೆಂದು ಗುರುತಿಸಿ, ಔಷಧಿ ಕೊಡುವ ಕೆಲಸ. ಆಪರೇಷನ್‌ನಲ್ಲಿ ಸರ್ಜನ್ ಎದುರು ನಿಂತು ಸಹಾಯ ಮಾಡುವುದೂ ಉಂಟು. ಎಲ್ಲವೂ ಡಾಕ್ಟರ ಜೊತೆಗೂಡಿಯೇ. ಈ ವೃತ್ತಿ ಹುಟ್ಟಿದ್ದು ನಾನಿರುವ ನಾರ್ತ್ ಕ್ಯಾರೊಲಿನಾದಲ್ಲೇ. ಡಾಕ್ಟರುಗಳು ಸಾಲದ ಕಾಲ ಅದು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಅವರು, ನೌಕಾಪಡೆಯಲ್ಲಿ ರೋಗಿಗಳ ಆರೈಕೆ ಮಾಡಿ ಕೈ ಪಳಗಿದ್ದ ನಾಲ್ವರನ್ನು ಸೇರಿಸಿಕೊಂಡು ಪಾಠ ಶುರು ಮಾಡಿದರು. 1967ರ ಅಕ್ಟೋಬರ್ 6ರಂದು ಅವರಲ್ಲಿ ಮೂವರು ಓದು ಮುಗಿಸಿದರು. ಕೈ ಪಳಗಿರಬೇಕು ಅನ್ನೋದು ಇವತ್ತಿಗೂ ಹೋಗಿಲ್ಲ. ಅರ್ಜಿ ಹಾಕುವಾಗಲೇ ಕೇಳುತ್ತಾರೆ: ರೋಗಿಗಳ ಆರೈಕೆ ಎಷ್ಟು ಗಂಟೆ ಮಾಡಿದ್ದೀರಿ? ಕೆಲವು ಕಡೆ 500 ಸಾಕು. ಕೆಲವು ಕಡೆ 1000, 2000 ಬೇಕು.

ನಮ್ಮ ದೇಶದಲ್ಲೂ ಈ ಓದು ಇದೆ. ಹೃದಯದ ಸರ್ಜನ್ ಡಾ. ಕೆ.ಎಂ. ಚೆರಿಯನ್ ಅವರು 1992ರಲ್ಲಿ ಚೆನ್ನೈನಲ್ಲಿ ಶುರು ಮಾಡಿದರು. ಈಗ ಅಲ್ಲಿ ಪಿಯುಸಿ ಆದ ಮೇಲೆ ಬಿಎಸ್ಸಿಗೇ ಸೇರಬಹುದು. ಇಲ್ಲಿ ಮೊದಲು ನಾಲ್ಕು ವರ್ಷದ ಪದವಿ ಆಗಬೇಕು. ಆಮೇಲೆ ಇದು ಮಾಸ್ಟರ್ಸ್. ನನ್ನದು 27 ತಿಂಗಳಿನದು.

ತಿಪಟೂರಿನಲ್ಲಿ ಮಾಡಿದ ನನ್ನ ಬಿಎಸ್ಸಿ ಮೂರೇ ವರ್ಷದ್ದು. ನಾನು ವಿಚಾರಿಸಿದ ಯಾವ ಕಡೆಯೂ ಅದನ್ನು ಪೂರ್ತಿ ಪದವಿ ಅಂತ ಒಪ್ಪಲಿಲ್ಲ. ಹಾಗಾಗಿ ಮಗನಿಗೆ ಎರಡು ವರ್ಷ ತುಂಬಿದ ಮೇಲೆ ಮತ್ತೆ ಕಾಲೇಜಿಗೆ ಹೋದೆ. ಮೊದಲು ಮನೆ ಹತ್ತಿರದ ಕಮ್ಯುನಿಟಿ ಕಾಲೇಜು, ಆಮೇಲೆ ಯೂನಿವರ್ಸಿಟಿ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್. ಪಕ್ಕದಲ್ಲಿ ಕೂರುತ್ತಿದ್ದವರು ಹತ್ತೊಂಬತ್ತರ ಹುಡುಗರು. ಒಬ್ಬರೂ ನನ್ನನ್ನು ಹೊರಗಿನವಳ ಹಾಗೆ ನೋಡಲಿಲ್ಲ. ಶನಿವಾರ ರಜೆಯಲ್ಲೂ ಲ್ಯಾಬ್ ಬಾಗಿಲು ತೆಗೆದು, ಒಂದೇ ಮೂಳೆಯನ್ನು ಹತ್ತು ಸಲ ಕೇಳಿದರೂ ಬೇಸರಿಸದೆ ಹೇಳಿಕೊಟ್ಟ ಅನಾಟಮಿ ಮೇಷ್ಟ್ರಿಗೆ ನನ್ನ ನಮಸ್ಕಾರ.

ಆಗ ನಮ್ಮತ್ತೆ ಆರು ತಿಂಗಳಿಗೆ ಬಂದಿದ್ದರು. ಅವರು ಓದಿದ್ದು ಏಳನೇ ಕ್ಲಾಸು, ಕನ್ನಡದಲ್ಲಿ. ನಾನು ಮೂಳೆಗಳ ಹೆಸರು ಬಾಯಿಪಾಠ ಮಾಡೋದನ್ನು ನೋಡಿ "ನನ್ನ ಕೈಗೆ ಕೊಡೇ, ನಾನು ಕೇಳ್ತೀನಿ" ಅಂದರು. ಕಾರ್ಡುಗಳ ಒಂದು ಬದಿಯಲ್ಲಿ ಚಿತ್ರ, ಇಂಗ್ಲಿಷ್ ಹೆಸರು ಇತ್ತು. ಅವರಿಗೋಸ್ಕರ ಹಿಂದುಗಡೆ ಕನ್ನಡದಲ್ಲಿ ಬರೆದೆ. ಸ್ಕ್ಯಾಪುಲಾ, ಹೆಗಲ ಮೂಳೆ. ಪಟೆಲ್ಲಾ, ಮಂಡಿ ಚಿಪ್ಪು. ಹೀಗೆ 400ಕ್ಕೂ ಜಾಸ್ತಿ ಕಾರ್ಡು. ಅತ್ತೆ ಸೊಪ್ಪು ಬಿಡಿಸುತ್ತಾ "ಮಂಡಿ ಚಿಪ್ಪು?" ಅಂತ ಕೇಳುತ್ತಿದ್ದರು. ನಾನು ಪಾತ್ರೆ ತೊಳೆಯುತ್ತಾ ಹೇಳುತ್ತಿದ್ದೆ. ತಪ್ಪಿದ ಕಾರ್ಡನ್ನು ಬೇರೆ ಎತ್ತಿಟ್ಟು ಮಲಗುವ ಮುಂಚೆ ಮತ್ತೆ ಕೇಳುತ್ತಿದ್ದರು. ಅಡುಗೆ, ಮಗು, ಮನೆ ಎಲ್ಲ ಅವರದ್ದೇ. ನಾನೇನಾದರೂ ಕೈ ಹಾಕಲು ಹೋದರೆ "ಅನ್ನಕ್ಕಿಡೋದು ನನಗೆ ಬರಲ್ವಾ? ನೀನು ಓದ್ಕೋ ಹೋಗು" ಅನ್ನುತ್ತಿದ್ದರು. ಅತ್ತೆ, ಇದನ್ನು ನಿಮಗೆ ಯಾರಾದರೂ ಓದಿ ಹೇಳುವುದು ಬೇಡ, ನೀವೇ ಓದಿ. ಅದಕ್ಕೇ ಕನ್ನಡದಲ್ಲಿ ಬರೆದಿದ್ದೇನೆ.

ಇನ್ನು ಗಂಟೆಗಳ ಲೆಕ್ಕ. ನಾನು ಬಂದಿದ್ದು ಎಚ್-4 ವೀಸಾದಲ್ಲಿ, ಇಲ್ಲಿ ಕೆಲಸಕ್ಕೆ ಬಂದವರ ಸಂಗಾತಿಗೆ ಕೊಡುವಂಥದ್ದು. ಓದಬಹುದಿತ್ತು, ದುಡಿಯುವ ಹಾಗಿರಲಿಲ್ಲ. ಗ್ರೀನ್ ಕಾರ್ಡಿನ ಒಂದು ಹಂತ ದಾಟಿದವರ ಸಂಗಾತಿಗೆ ಕೆಲಸದ ಪರ್ಮಿಟ್ ಕೊಡುವ ನಿಯಮ ಬಂದಿದ್ದು 2015ರಲ್ಲಿ. ನನ್ನ ಪರ್ಮಿಟ್ ಕೈಗೆ ಬಂದಿದ್ದು 2017ರಲ್ಲಿ. ನರ್ಸ್ ಏಡ್ ತರಬೇತಿ ಮುಗಿಸಿ ವಯಸ್ಸಾದವರ ಆರೈಕೆ ಮನೆಯೊಂದರಲ್ಲಿ ವಾರದ ಕೊನೆಯ ರಾತ್ರಿ ಪಾಳಿಗೆ ಸೇರಿದೆ. ಸ್ನಾನ ಮಾಡಿಸುವುದು, ಡೈಪರ್ ಬದಲಿಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು.

ಅಲ್ಲಿ ನನ್ನ ಜೊತೆಗಿದ್ದವರು ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದ ಒಬ್ಬ ಕಪ್ಪು ಅಮೆರಿಕನ್ ಹೆಂಗಸು. ನಾನು ಮನಸ್ಸಿನಲ್ಲೇ ಅವರನ್ನು ಅಕ್ಕ ಅಂತ ಕರೆಯುತ್ತಿದ್ದೆ. ಮೊದಲ ರಾತ್ರಿ ಒಬ್ಬ ಅಜ್ಜನನ್ನು ಮಗ್ಗುಲು ಹೊರಳಿಸಲು ನಾನು ಭುಜ ಹಿಡಿದು ಎಳೆಯಲು ಹೋದೆ. ಅಕ್ಕ ನನ್ನ ಕೈ ತಡೆದರು. ಮೈ ಎಳೆಯಬಾರದು, ಚರ್ಮ ಉಜ್ಜಿ ಹೋಗುತ್ತದೆ. ಕೆಳಗಿನ ಮಡಿಸಿದ ಹಾಸುಬಟ್ಟೆಯನ್ನು ಇಬ್ಬರೂ ಹಿಡಿದು ಒಟ್ಟಿಗೆ ಎತ್ತಿ ಹೊರಳಿಸಬೇಕು. ಹೊರಳಿಸಿದ ಮೇಲೆ ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ ನೋಡಬೇಕು. ಕೆಂಪಾಗಿದ್ದರೆ ಬೆರಳಿಂದ ಒತ್ತಬೇಕು. ಒತ್ತಿದಾಗ ಬೆಳ್ಳಗಾದರೆ ಪರವಾಗಿಲ್ಲ. ಕೆಂಪು ಹಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಆಮೇಲೆ ಅವರು ತಮ್ಮ ತೋಳನ್ನು ನನ್ನ ತೋಳಿನ ಪಕ್ಕ ಇಟ್ಟು ಹೇಳಿದರು: "ನನ್ನ, ನಿನ್ನ ಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣಲ್ಲ. ಕಣ್ಣು ನಂಬಬೇಡ. ಕೈಯ ಹಿಂಬದಿ ಇಟ್ಟು ನೋಡು. ಅಕ್ಕಪಕ್ಕಕ್ಕಿಂತ ಬಿಸಿ ಇದೆಯಾ? ಮೆತ್ತಗಿದೆಯಾ? ಗಟ್ಟಿ ಇದೆಯಾ?"

ಆಮೇಲೆ ಕೋವಿಡ್ ಬಂತು. ಅಲ್ಲಿದ್ದ ಅಜ್ಜ ಅಜ್ಜಿಯರ ಮನೆಯವರು ಕಿಟಕಿ ಆಚೆ ನಿಂತು ಕೈ ಬೀಸಿ ಹೋಗುತ್ತಿದ್ದ ತಿಂಗಳುಗಳು ಅವು. ಆ ವರ್ಷ ಅಕ್ಕ ಇಲ್ಲದಿದ್ದರೆ ನಾನು ಆ ಕೆಲಸ ಬಿಟ್ಟೇ ಬಿಡುತ್ತಿದ್ದೆ. ಇಷ್ಟು ಹೇಳಿದರೆ ಸಾಕು.

2021ರಲ್ಲಿ ಅರ್ಜಿ ಹಾಕಿದಾಗ ಆ ಕಾಲಂನಲ್ಲಿ 3,400 ಗಂಟೆ ಅಂತ ತುಂಬಿದೆ. ತುಂಬಿ ಸುಮ್ನೆ ಕೂತುಬಿಟ್ಟೆ. ಆ ರಾತ್ರಿಗಳಲ್ಲಿ ಮಗನನ್ನು ಮಲಗಿಸಿ, ಬೆಳಿಗ್ಗೆ ನಾನು ಬರುವ ಹೊತ್ತಿಗೆ ತಿಂಡಿ ಮಾಡಿಟ್ಟು, ನಾನು ಎಚ್ಚರವಾಗುವ ತನಕ ಅವನನ್ನು ಪಾರ್ಕಿನಲ್ಲಿ ಆಡಿಸುತ್ತಿದ್ದವರು ನಮ್ಮ ಯಜಮಾನರು. ಆ ಗಂಟೆಗಳನ್ನು ಬರೆಯಲು ಅರ್ಜಿಯಲ್ಲಿ ಜಾಗ ಇರಲಿಲ್ಲ. ಅತ್ತೆಯ ಆರು ತಿಂಗಳಿಗೂ ಇರಲಿಲ್ಲ. ಮಗನನ್ನು ಭಾನುವಾರ ಕನ್ನಡ ಶಾಲೆಗೆ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದ ಕನ್ನಡ ಕೂಟದ ಗೆಳತಿಯರಿಗೂ ಇರಲಿಲ್ಲ.

ಆ ಸಲ ಎಂಟು ಕಡೆ ಹಾಕಿದ್ದೆ. ಎರಡು ಕಡೆ ಇಂಟರ್‌ವ್ಯೂ ಆಯಿತು. ಎಲ್ಲೂ ಸಿಗಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ನಮ್ಮದು ಕೊಬ್ಬರಿ ಮಾಡುವ ಮನೆ. ಕಾಯಿಯನ್ನು ಅಟ್ಟದ ಮೇಲೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಪೂರ್ತಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಅಲ್ಲಾಡುವವರೆಗೆ ಒಡೆಯುವ ಹಾಗಿಲ್ಲ. ಅಪ್ಪ ಎಲ್ಲ ಕೇಳಿಸಿಕೊಂಡು, "ಇನ್ನೂ ಒಂಚೂರು ನೀರಿದೆ ಅಂತ ಕಾಣುತ್ತೆ ಕಣವ್ವ. ಅಟ್ಟದ ಮೇಲೇ ಇರಲಿ, ಇನ್ನೊಂದು ವರ್ಷ ನೋಡಾನ" ಅಂದರು. ಬೇರೆ ಏನೂ ಹೇಳಲಿಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಮತ್ತೆ ಓದಿ, ಒಳ್ಳೆ ಗ್ರೇಡ್ ತೆಗೆದು, 2022ರಲ್ಲಿ ಮತ್ತೆ ಹಾಕಿದೆ. 2023ರ ಜನವರಿಯಲ್ಲಿ ಕ್ಲಾಸು ಶುರುವಾಯಿತು.

ಅಲ್ಲಿ ಮೊದಲು ಕಲಿಸಿದವರು, ತಮ್ಮ ದೇಹವನ್ನೇ ನಮಗೆ ಓದಲು ಬಿಟ್ಟುಹೋದ ಒಬ್ಬ ಅಜ್ಜ. ಹೆಸರು ನಮಗೆ ಹೇಳಲಿಲ್ಲ. ಬಲ ಮಂಡಿ ಬಿಡಿಸಿದಾಗ ಒಳಗೆ ಲೋಹ ಹೊಳೆಯಿತು. ಮಂಡಿ ಬದಲಿಸಿಕೊಂಡಿದ್ದರು. ಅದರ ಮೇಲೆ ಎಷ್ಟು ದೂರ ನಡೆದಿದ್ದರೋ. ಅವರಿಗೂ, ಒಪ್ಪಿ ಕಳಿಸಿಕೊಟ್ಟ ಅವರ ಮನೆಯವರಿಗೂ ಕೈ ಮುಗಿಯುತ್ತೇನೆ.

ಎರಡನೇ ವರ್ಷ ಪೂರ್ತಿ ಆಸ್ಪತ್ರೆ, ಕ್ಲಿನಿಕ್ ಸುತ್ತುವುದು. ಸರ್ಜರಿ, ಎಮರ್ಜೆನ್ಸಿ, ಮಕ್ಕಳ ವಿಭಾಗ, ಹೆರಿಗೆ, ಮಾನಸಿಕ ಆರೋಗ್ಯ. ಇಂಟರ್ನಲ್ ಮೆಡಿಸಿನ್‌ನಲ್ಲಿದ್ದಾಗ ನ್ಯುಮೋನಿಯಾ ಅಂತ ಸೇರಿದ್ದ ಕಪ್ಪು ಬಣ್ಣದ ಅಜ್ಜಿಯೊಬ್ಬರನ್ನು ನೋಡಲು ಹೋದೆ. ಎದೆ ಕೇಳಿದೆ, ಕೆಮ್ಮು ವಿಚಾರಿಸಿದೆ. ಹೊರಡುವಾಗ ಅಭ್ಯಾಸಬಲದಿಂದ ಕಾಲುಚೀಲ ತೆಗೆದು ಹಿಮ್ಮಡಿಗೆ ಕೈಯ ಹಿಂಬದಿ ಇಟ್ಟೆ. ಎಡಗಡೆಯದು ಬಿಸಿಯಾಗಿ ಮೆತ್ತಗಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನರ್ಸ್‌ಗೆ ಹೇಳಿದೆ, ನನ್ನ ಮೇಲಿನ ಡಾಕ್ಟರಿಗೆ ಹೇಳಿದೆ. ಕಾಲ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಎತ್ತಿಟ್ಟರು. ಅಜ್ಜಿ ಮನೆಗೆ ಹೋಗುವಾಗ ಆ ಚರ್ಮ ಒಡೆದಿರಲಿಲ್ಲ. "ಇದನ್ನು ಎಲ್ಲಿ ಕಲಿತೆ?" ಅಂತ ಡಾಕ್ಟರು ಕೇಳಿದರು. ನಾನು ಅಕ್ಕನ ಹೆಸರು ಹೇಳಿದೆ.

ರಿಸಲ್ಟ್ ಬಂದ ದಿನ ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ತಬ್ಬಿಕೊಂಡು ಅತ್ತರು. ಆಮೇಲೆ ಸ್ವಲ್ಪ ಸಂಕೋಚದಿಂದಲೇ ಹೇಳಿದರು, ಬೇಸಿಗೆಯ ಅನಾಟಮಿ ಕ್ಲಾಸಿಗೆ ಹೆಸರು ಕೊಟ್ಟಿದ್ದಾರಂತೆ. ನರ್ಸಿಂಗ್ ಓದಬೇಕಂತೆ. ಅವರಿಗೆ ಈಗ ಐವತ್ತಾರು. ಮರುದಿನ ನನ್ನ ಕಾರ್ಡುಗಳ ಡಬ್ಬ ತೆಗೆದುಕೊಂಡು ಹೋಗಿ ಕೊಟ್ಟೆ. ಒಂದನ್ನು ತಿರುಗಿಸಿ ನೋಡಿ, ಹಿಂದೆ ಬರೆದಿರೋದು ಏನು ಅಂತ ಕೇಳಿದರು. ನಮ್ಮತ್ತೆಗೆ ಬರೆದಿದ್ದು ಅಂದೆ. ಹಾಗೇ ಬಿಡು, ಅಳಿಸಬೇಡ ಅಂದರು.

ಇವತ್ತು ರಾತ್ರಿ ನಾನು ಕೇಳಬೇಕು, ಅವರು ಹೇಳಬೇಕು. ಈ ವಾರ ಅವರಿಗೆ ಚರ್ಮದ ಪಾಠ.