ಮಾರಿದ ಅಂಗಡಿಯೇ ಹಳೇ ಫೋನ್ ವಾಪಸ್ ತಗೊಳ್ಳಲಿ

ಮಾನ್ಯ ಸಂಪಾದಕರೇ,

ಮೊನ್ನೆ ಟೇಬಲ್ ಡ್ರಾಯರ್ ಖಾಲಿ ಮಾಡೋಣ ಅಂತ ಕೂತೆ. ಹಳೇ ಫೋನು ಮೂರು, ಯಾವುದರದ್ದು ಅಂತಲೇ ಗೊತ್ತಿಲ್ಲದ ಚಾರ್ಜರ್‌ಗಳ ಗಂಟು, ಕೆಟ್ಟುಹೋದ ಇಯರ್‌ಫೋನ್. ಒಂದು ಫೋನಿನ ಬ್ಯಾಟರಿ ಊದಿಕೊಂಡು ಹಿಂಬದಿಯ ಮುಚ್ಚಳವನ್ನೇ ಎಬ್ಬಿಸಿಬಿಟ್ಟಿತ್ತು, ಸಂದಿಯಲ್ಲಿ ಅಂಟು ಎಳೆ ಎಳೆಯಾಗಿ ಕಾಣುತ್ತಿತ್ತು. ನಿಜಕ್ಕೂ ಹೆದರಿಕೆ ಆಯಿತು. ಇದನ್ನು ಒಣ ಕಸದ ಜೊತೆ ಹಾಕುವ ಹಾಗಿಲ್ಲ, ಯಾಕೆಂದರೆ ಗಾಡಿಯಲ್ಲಿ ಕಸ ಒತ್ತಿ ತುಂಬುವಾಗ ಲಿಥಿಯಂ ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹತ್ತಿಕೊಳ್ಳುತ್ತದೆ, ಮತ್ತು ಆ ಗಾಡಿಯ ಪಕ್ಕದಲ್ಲೇ ಮನುಷ್ಯರು ಕೆಲಸ ಮಾಡುತ್ತಿರುತ್ತಾರೆ. ಕೊಂಡ ಅಂಗಡಿಗೇ ಹೋಗಿ ಕೇಳಿದೆ. 'ನಾವು ಮಾರೋದು ಅಷ್ಟೇ, ವಾಪಸ್ ತಗೊಳ್ಳಲ್ಲ' ಅಂದರು. ಎಕ್ಸ್‌ಚೇಂಜ್ ಇದೆಯಂತೆ, ಆದರೆ ಅದು ಆನ್ ಆಗುವ ಫೋನಿಗೆ ಮಾತ್ರ.

ನನ್ನ ಸಿಟ್ಟು ಅಂಗಡಿಯ ಹುಡುಗನ ಮೇಲಲ್ಲ, ನಿಯಮದ ಮೇಲೆ. ತಯಾರಿಸಿದವರೇ ಜವಾಬ್ದಾರರು ಅನ್ನುವ ಮಾತು ನೀತಿಗಳಲ್ಲಿ ಬೇಕಾದಷ್ಟಿದೆ. ಆದರೆ ನಾನು ಯಾವ ಬಾಗಿಲಿಗೆ ಹೋಗಿ ಕೊಡಬೇಕು?

ವಿಶ್ವಸಂಸ್ಥೆಯ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ, ಅಂದರೆ ಎಲೆಕ್ಟ್ರಾನಿಕ್ ಕಸ, 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದೆ ಅಂತ ಲೆಕ್ಕ ಸಿಕ್ಕಿದ್ದು ಅದರಲ್ಲಿ ಶೇ 22.3 ಮಾತ್ರ. ಮಿಕ್ಕಿದ್ದರಲ್ಲಿ ಸ್ವಲ್ಪ ನಮ್ಮ ಡ್ರಾಯರ್‌ಗಳಲ್ಲಿದೆ, ಸ್ವಲ್ಪ ಕಸದ ಗುಡ್ಡದಲ್ಲಿದೆ, ಇನ್ನು ಕೆಲವು ಬಯಲಲ್ಲಿ ಉರಿಯುತ್ತದೆ. ತಾಮ್ರ ಸಿಗಲಿ ಅಂತ ವೈರ್ ಸುಡುತ್ತಾರೆ, ಅದರ ಪಿವಿಸಿ ಪ್ಲಾಸ್ಟಿಕ್ ಹೊದಿಕೆ ಸುಟ್ಟಾಗ ಡಯಾಕ್ಸಿನ್ ಅನ್ನುವ ವಿಷ ಬರುತ್ತದೆ. ಸಾಮಾನಿನ ಒಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿರುವ ಚೂರು ಚಿನ್ನಕ್ಕಾಗಿ ಅದನ್ನು ಆಸಿಡ್‌ನಲ್ಲಿ ಅದ್ದಿ, ಆ ನೀರನ್ನು ಹಾಗೇ ಮಣ್ಣಿಗೆ ಸುರಿಯುತ್ತಾರೆ. ಹೊಟ್ಟೆಪಾಡಿಗೆ ಈ ಕೆಲಸ ಮಾಡುವವರನ್ನು ಬೈದು ಏನೂ ಬದಲಾಗಲ್ಲ.

ಬೇರೆ ದಾರಿ ಇಲ್ಲವೇ ಅಂದರೆ, ಇದೆ. ಯುರೋಪಿಯನ್ ಒಕ್ಕೂಟದ ಕಾನೂನಿನಲ್ಲಿ ಒಂದು ಸರಳ ನಿಯಮವಿದೆ: ಎಲೆಕ್ಟ್ರಾನಿಕ್ ಸಾಮಾನು ಮಾರುವ ಜಾಗ 400 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ, 25 ಸೆಂಟಿಮೀಟರ್‌ಗಿಂತ ಚಿಕ್ಕ ಹಳೇ ಸಾಮಾನನ್ನು ಆ ಅಂಗಡಿ ಪುಕ್ಕಟೆಯಾಗಿ ವಾಪಸ್ ತೆಗೆದುಕೊಳ್ಳಬೇಕು, ಹೊಸದು ಕೊಳ್ಳಲೇಬೇಕು ಅನ್ನುವ ಷರತ್ತು ಇಲ್ಲದೆ. ನನಗೆ ಇದು ತುಂಬಾ ಇಷ್ಟವಾಯಿತು, ಯಾಕೆಂದರೆ ತಪ್ಪಿಸಿಕೊಳ್ಳೋದು ಜಾಸ್ತಿ ಈ ಸಣ್ಣ ಸಾಮಾನೇ. ಫ್ರಿಜ್ಜನ್ನು ಯಾರೂ ಡ್ರಾಯರ್‌ನಲ್ಲಿ ಮರೆತುಬಿಡಲ್ಲ ಅಲ್ವಾ? ಬ್ಯಾಟರಿ ವಿಷಯದಲ್ಲೂ ಅಷ್ಟೇ. ಫೋನಿನಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಾಯಿಸುವ ಹಾಗಿರಬೇಕು ಅನ್ನುವ ನಿಯಮ, ಕೆಲವು ವಿನಾಯಿತಿಗಳ ಜೊತೆ, ಅಲ್ಲಿ 2027ರ ಫೆಬ್ರುವರಿಯಿಂದ ಜಾರಿಗೆ ಬರುತ್ತದೆ. ನನ್ನ ಫೋನಿನ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸದೇ ಇದ್ದಿದ್ದರೆ ಆ ಫೋನನ್ನು ಇನ್ನೆರಡು ವರ್ಷ ಬಳಸುತ್ತಿದ್ದೆ.

ಇನ್ನೊಂದು ವಿಷಯ, ಇದನ್ನು ನೀತಿ ಬರೆಯುವವರು ಯೋಚಿಸಿದ ಹಾಗೆ ಕಾಣಲ್ಲ. ಬಹಳ ಜನ ಹಳೇ ಫೋನ್ ಕೊಡದಿರುವುದು ಸೋಮಾರಿತನದಿಂದಲ್ಲ, ಭಯದಿಂದ. ಒಳಗೆ ಮಕ್ಕಳ ಫೋಟೋ ಇರುತ್ತದೆ, ಬ್ಯಾಂಕಿನ ಮೆಸೇಜ್ ಇರುತ್ತದೆ. ವಾಪಸ್ ತೆಗೆದುಕೊಳ್ಳುವ ಕೌಂಟರ್‌ನಲ್ಲೇ, ನಮ್ಮ ಕಣ್ಣೆದುರಿಗೇ ಅದನ್ನೆಲ್ಲ ಅಳಿಸಿ, ಒಂದು ರಸೀದಿ ಕೊಡಲಿ. ಮೂರೂ ಫೋನನ್ನು ನಾಳೆಯೇ ತಂದುಕೊಡುತ್ತೇನೆ.

ಇಂತಿ,
ಒಬ್ಬ ಓದುಗ